ಮೂಲ ಎಲ್ಲಿಯವರು?

ಉಮರ್ಗಾದಲ್ಲಿ ಬೆಳೆದ ನನಗೆ ಈ ಪ್ರಶ್ನೆ ಹೊಸದಲ್ಲ. ನಮ್ಮ ಅಜ್ಜ ಮನೆ ಬದಲಿಸಿದವರಲ್ಲ. 1956ರವರೆಗೆ ಹೈದರಾಬಾದ್ ರಾಜ್ಯ, ಆಮೇಲೆ ಮುಂಬಯಿ ರಾಜ್ಯ, 1960ರಿಂದ ಮಹಾರಾಷ್ಟ್ರ. ರಾಜ್ಯಗಳು ಬದಲಾದವು, ಮನೆ ಇದ್ದಲ್ಲೇ ಇತ್ತು. ಆದರೂ ಮನೆಮಾತು ಕನ್ನಡವೆಂದು ತಿಳಿದೊಡನೆ ಜನ ಕೇಳುತ್ತಿದ್ದರು, "ನೀವು ಮೂಲ ಎಲ್ಲಿಯವರು?" ಅದೇ 1956ನ್ನು ಕಂಡ ಕಾಸರಗೋಡಿನ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ.

ಕಳೆದ ಮಳೆಗಾಲದಲ್ಲಿ ಅದೇ ಪ್ರಶ್ನೆಯನ್ನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ನಾನೇ ಕೇಳಿದೆ. ಕಟ್ಟಡದ ಕೆಲಸಕ್ಕೆ ದೂರದಿಂದ ಬಂದ ಒಬ್ಬ ಹೆಣ್ಣುಮಗಳು ಖಾತೆ ತೆರೆಯಲು ಬಂದಿದ್ದಳು. ಕಾಗದಪತ್ರ ಸರಿಯಾಗಿಯೇ ಇದ್ದವು. ಆದರೂ "ಎಷ್ಟು ದಿನ ಇರುತ್ತೀರಿ?" ಎಂದೆ. "ನಾಳೆ ಬನ್ನಿ" ಎಂದೆ. ಅವಳು ಮಗುವನ್ನು ಎತ್ತಿಕೊಂಡು ಮಳೆಯಲ್ಲೇ ಹೊರಟುಹೋದಳು.

ಆಗ ನಾನು ರಾತ್ರಿ ಹೊತ್ತು ಯೆಹೂದಿ ವಲಸೆಗಾರರ ಚರಿತ್ರೆ ಓದುತ್ತಿದ್ದೆ. ನಮ್ಮ ದೇಶ ಅವರನ್ನು ಹಿಂಸಿಸಲಿಲ್ಲವೆಂಬ ಹೆಮ್ಮೆ ನನಗಿತ್ತು. ಅದು ಬಹುಮಟ್ಟಿಗೆ ನಿಜವೇ. ಅಲಿಬಾಗ್ ಬಳಿಯ ನವಗಾಂವ್ ಕಡಲಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರೆಂಬುದು ಬೆನೆ ಇಸ್ರೇಲಿಗಳ ಐತಿಹ್ಯ. ಅವರು ಗಾಣ ಹೂಡಿ ಬದುಕಿದರು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ನೆರೆಯವರು 'ಶನಿವಾರ ತೇಲಿ' ಎಂದು ಕರೆದರು. ನೆಲೆಸಿದ ಊರಿನ ಹೆಸರಿಗೆ 'ಕರ್' ಸೇರಿಸಿಕೊಂಡು ಅವರು ಪೇಣಕರ್, ಕೇಹಿಮಕರ್ ಆದರು. ನಿಮ್ಮ ಮಲಯಾಳ ನಾಡಿನಲ್ಲಿ ಕ್ರಿ.ಶ. 1000ದ ಸುಮಾರಿಗೆ ಅರಸ ಭಾಸ್ಕರ ರವಿವರ್ಮ ಜೋಸೆಫ್ ರಬ್ಬಾನನಿಗೆ ತಾಮ್ರಪಟದಲ್ಲಿ ಹಕ್ಕುಗಳನ್ನೇ ಬರೆದುಕೊಟ್ಟ. 1939ರಲ್ಲಿ ಮೈಸೂರು ಸಂಸ್ಥಾನ ಜರ್ಮನಿಯಿಂದ ಹೊರಬಿದ್ದಿದ್ದ ವಾಸ್ತುಶಿಲ್ಪಿ ಓಟೊ ಕೋನಿಗ್ಸ್‌ಬರ್ಗರ್ ಅವರಿಗೆ ಕೆಲಸ ಕೊಟ್ಟಿತು.

ಆದರೆ ಕೋನಿಗ್ಸ್‌ಬರ್ಗರ್ ಕಲಿತವರು, ಸಂಸ್ಥಾನಕ್ಕೆ ಬೇಕಾದವರು. ಬೇಕಾದವರಿಗೆ ಬಾಗಿಲು ತೆರೆಯುವುದು ಕಷ್ಟವಲ್ಲ. ಅದೇ 1939ರ ಜನವರಿಯಲ್ಲಿ, ಜರ್ಮನಿಯ 10,000 ನಿರಾಶ್ರಿತ ಮಕ್ಕಳನ್ನು ಕರೆತರಬಹುದೇ ಎಂದು ಅಮೆರಿಕದಲ್ಲಿ ಜನಾಭಿಪ್ರಾಯ ಕೇಳಿದಾಗ ಶೇಕಡಾ 61 ಮಂದಿ ಬೇಡವೆಂದರು. ಆ ಮಕ್ಕಳಲ್ಲಿ ಹೆಚ್ಚಿನವರು ಯೆಹೂದಿಗಳು. ಮೇ ತಿಂಗಳಲ್ಲಿ 937 ಪ್ರಯಾಣಿಕರನ್ನು ಹೊತ್ತ 'ಸೇಂಟ್ ಲೂಯಿಸ್' ಹಡಗು ಹ್ಯಾಂಬರ್ಗಿನಿಂದ ಕ್ಯೂಬಾಕ್ಕೆ ಹೋಯಿತು. ಅವರ ಕೈಯಲ್ಲಿ ಕಾಗದಗಳಿದ್ದವು. ಆ ಕಾಗದ ನಡೆಯುವುದಿಲ್ಲವೆಂದು ಹವಾನಾದಲ್ಲಿ ಹೇಳಿದರು. ಇಳಿಯಲು ಬಿಟ್ಟದ್ದು ಬೆರಳೆಣಿಕೆಯ ಕೆಲವರನ್ನು ಮಾತ್ರ. ಅಮೆರಿಕ, ಕೆನಡಾ ಕೂಡ ಬಾಗಿಲು ತೆರೆಯಲಿಲ್ಲ. ಹಡಗು ಯುರೋಪಿಗೆ ಮರಳಿತು. ಮರಳಿದವರಲ್ಲಿ 254 ಮಂದಿ ನಾಜಿಗಳ ನರಮೇಧಕ್ಕೆ ಬಲಿಯಾದರು.

ಇದನ್ನು ಓದುತ್ತಿದ್ದಾಗ ನನಗೆ ಕಂಡದ್ದು ಹಿಟ್ಲರನಲ್ಲ. ಮೇಜಿನ ಹಿಂದೆ ಕುಳಿತು ಕಾಗದ ತಿರುವಿಹಾಕುವ ಒಬ್ಬ ಗುಮಾಸ್ತ. ಅವನು ಯಾರನ್ನೂ ಬೈದಿರಲಿಕ್ಕಿಲ್ಲ. ನಿಯಮ ಹೇಳಿರಬೇಕು, ಮೊಹರು ಒತ್ತದೆ ಬಿಟ್ಟಿರಬೇಕು, ಸಂಜೆ ಮನೆಗೆ ಹೋಗಿ ಊಟ ಮಾಡಿರಬೇಕು. ನಾನು ತಡೆದದ್ದು ಒಂದು ಉಳಿತಾಯ ಖಾತೆ, ಅಷ್ಟೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ಆದರೆ "ನಾಳೆ ಬನ್ನಿ" ಎಂಬ ಮಾತಿನ ಧಾಟಿ ಮಾತ್ರ ನನಗೆ ಪರಿಚಿತವಾಗಿತ್ತು.

ಮೂರನೆಯ ದಿನ ಅವಳು ಮತ್ತೆ ಬಂದಳು. ಕರೆದು ಕೂರಿಸಿ, ಅರ್ಜಿಯನ್ನು ನಾನೇ ತುಂಬಿದೆ. ಮೂಲ ಎಲ್ಲಿಯವರೆಂದು ಕೇಳಲಿಲ್ಲ. ವಿಳಾಸದ ಸಾಲಿನಲ್ಲಿ ಉಮರ್ಗಾ ಎಂದು ಬರೆದೆ.