ಶ್ರೀರಂಗಪಟ್ಟಣದಿಂದ ಥೇಮ್ಸ್ ತೀರಕ್ಕೆ

ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಚರಿತ್ರೆಯನ್ನು ಬೋಧಿಸಿ ನಿವೃತ್ತರಾದ ಶ್ರೀರಂಗಪಟ್ಟಣದ ಮೇಷ್ಟರೊಬ್ಬರು, ಲಂಡನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಮಗನನ್ನು ಕಾಣಲು ಪತ್ನೀಸಮೇತರಾಗಿ ಹೊರಟರು. ಎರಡು ಪೆಟ್ಟಿಗೆಗಳಲ್ಲಿ ಒಂದರ ತುಂಬ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆಯ ಗೊಜ್ಜು. ಬ್ರಿಟನ್ನಿಗೊಂದು ವೀಸಾ, ಫ್ರಾನ್ಸಿಗೆ ಬೇರೊಂದು; ನಿವೃತ್ತಿಯ ಹಣದಲ್ಲಿ ದೊಡ್ಡದೊಂದು ಪಾಲು ಹೊರಡುವ ಮುನ್ನವೇ ಕರಗಿತ್ತು. ಇಂಥ ಪ್ರವಾಸ ಮತ್ತೊಮ್ಮೆ ಒದಗಲಾರದೆಂಬುದು ಮೂವರಿಗೂ ತಿಳಿದಿತ್ತು. ಮಗನ ಮೇಜಿನೊಳಗೆ, ಅಲ್ಲಿಯ ಸಂಸ್ಥೆಯೊಂದು ಉದ್ಯೋಗ ಕೊಡುವುದಾಗಿ ಬರೆದ ಪತ್ರವಿತ್ತೆಂಬುದು ಮಾತ್ರ ಅವನೊಬ್ಬನಿಗೇ ತಿಳಿದಿತ್ತು.

ಲಂಡನ್ನಿನಲ್ಲಿ ಎಲ್ಲದಕ್ಕೂ ಬೆಲೆ ವಿಪರೀತ. ದೊಡ್ಡ ವಸ್ತುಸಂಗ್ರಹಾಲಯಗಳಿಗೆ ಮಾತ್ರ ಪ್ರವೇಶ ಉಚಿತ. ಮೇಷ್ಟರು ಅದನ್ನು ನಂಬದೆ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದ ಬಾಗಿಲಲ್ಲಿ ಟಿಕೆಟಿನ ಕಿಂಡಿಯನ್ನು ಹುಡುಕಿದರು. ಒಳಗೆ ಗಾಜಿನ ಪೆಟ್ಟಿಗೆಯಲ್ಲಿದೆ, ಟಿಪ್ಪುವಿನ ಹುಲಿ. ಮರದಲ್ಲಿ ಕಡೆದು ಬಣ್ಣ ಬಳಿದ ವ್ಯಾಘ್ರವೊಂದು ಮಲಗಿದ ಐರೋಪ್ಯ ಸಿಪಾಯಿಯ ಕೊರಳಿಗೆ ಬಾಯಿ ಹಾಕಿದೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೂದಿ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ, ಅವನ ಕೈ ಏಳುತ್ತದೆ, ಬೀಳುತ್ತದೆ. ಹೊಟ್ಟೆಯೊಳಗೆ 18 ಸ್ವರಗಳ ವಾದ್ಯವೂ ಇದೆ. 1799ರ ಮೇ 4ರಂದು ಕೋಟೆ ಬಿದ್ದ ಬಳಿಕ ಕೊಳ್ಳೆಯೊಂದಿಗೆ ಬಂದದ್ದು; 1808ರಲ್ಲಿ ಕಂಪನಿಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ಬಂದವರೆಲ್ಲ ಹಿಡಿ ತಿರುಗಿಸಿ ಅಲ್ಲಿ ಓದುತ್ತಿದ್ದವರ ಏಕಾಗ್ರತೆಯನ್ನು ಕೆಡಿಸುತ್ತಿದ್ದರಂತೆ! ಎರಡನೆಯ ಮಹಾಯುದ್ಧದಲ್ಲಿ ಪೆಟ್ಟು ತಿಂದು ದುರಸ್ತಿಯನ್ನೂ ಕಂಡಿದೆ. ಈಗ ಮೌನ.

ವರ್ಷವರ್ಷವೂ ಮಕ್ಕಳನ್ನು ನೀರುಬಾಗಿಲಿಗೆ, ದರಿಯಾ ದೌಲತಿಗೆ, ಗುಂಬಜಿಗೆ ಕರೆದೊಯ್ದು ಈ ಹುಲಿಯ ಕಥೆ ಹೇಳಿದ್ದ ಮೇಷ್ಟರು ಅದನ್ನು ಕಂಡದ್ದು ಅಂದೇ ಮೊದಲು. ಗಾಜಿನ ಸುತ್ತ ಮೂರು ಸುತ್ತು ಬಂದರು. ಮಗ ಕೈಗಡಿಯಾರ ನೋಡಿಕೊಂಡ. ಪಟ್ಟಿಯಲ್ಲಿ ಇನ್ನೂ ನಾಲ್ಕು ಸ್ಥಳಗಳಿದ್ದವು. ಇಂಥ ಪಟ್ಟಿಗಳು ಪ್ರವಾಸಿಗಳ ಪರಮಶತ್ರುಗಳೆಂದರೆ ತಪ್ಪಲ್ಲ.

“ಇದು ನಮ್ಮೂರಿಗೆ ವಾಪಸು ಬರುವುದುಂಟೇನೋ?” ಎಂದರು ಮೇಷ್ಟರು.

ಮಗ ಹುಲಿಯ ವಿಷಯವಾಗಿಯೂ ಉತ್ತರ ಹೇಳಲಿಲ್ಲ.

ಪ್ಯಾರಿಸಿಗೆ ರೈಲು. 1994ರಲ್ಲಿ ತೆರೆದ ಸುಮಾರು 50 ಕಿಲೋಮೀಟರಿನ ಸುರಂಗದಲ್ಲಿ 38 ಕಿಲೋಮೀಟರಿನಷ್ಟು ಕಡಲ ತಳದಡಿಯಲ್ಲಿದೆ. ಇಪ್ಪತ್ತು ನಿಮಿಷದ ಕತ್ತಲು ಕಳೆದು ಹೊಲಗದ್ದೆ ಕಂಡಾಗ ತಾಯಿ, “ಸಮುದ್ರ ಎಲ್ಲೋ?” ಎಂದರು. ದಾಟಿದ್ದಾಯಿತೆಂದರೆ ಅವರಿಗೆ ಸಮಾಧಾನವಾಗಲಿಲ್ಲ. 330 ಮೀಟರ್ ಎತ್ತರದ ಐಫೆಲ್ ಗೋಪುರವನ್ನು ಕೆಳಗಿನಿಂದಲೇ ನೋಡಿದರು, ಮಂಡಿನೋವು. 2019ರ ಬೆಂಕಿಯಲ್ಲಿ ಸುಟ್ಟು 2024ರ ಡಿಸೆಂಬರಿನಲ್ಲಿ ಮತ್ತೆ ತೆರೆದ ನೋತ್ರ್ ದಾಮ್ ಮಂದಿರದಲ್ಲಿ ಮಾತ್ರ ತಾಯಿ ಬಹಳ ಹೊತ್ತು ಕೈಮುಗಿದು ಕುಳಿತರು.

ಅಲ್ಲಿಂದ ಮರಳುವಾಗ ಶಾತ್ಲೆ ನಿಲ್ದಾಣದಲ್ಲಿ ಅನಾಹುತ ನಡೆಯಿತು. ಜನಜಂಗುಳಿಯಲ್ಲಿ ತಂದೆಮಗ ಗಾಡಿಯೇರಿದರು. ಕಟ್ಟೆಯಂಚಿನ ಗಾಜಿನ ಬಾಗಿಲು ಮುಚ್ಚಿತು. ತಾಯಿ ಆಚೆಯೇ ಉಳಿದರು. ಆ ಮೊದಲನೆಯ ಮಾರ್ಗದ ಗಾಡಿಗಳಿಗೆ ಚಾಲಕನೇ ಇಲ್ಲ, ಕೂಗುವುದು ಯಾರನ್ನು? ತಾಯಿಗೆ ಫ್ರೆಂಚ್ ಹೋಗಲಿ, ಇಂಗ್ಲಿಷೂ ಬಾರದು; ದೂರವಾಣಿ ಮೇಷ್ಟರ ಜೇಬಿನಲ್ಲಿ. ಮುಂದಿನ ನಿಲ್ದಾಣದಲ್ಲಿ ಇಳಿದು ಎದುರಿನ ಗಾಡಿ ಹಿಡಿದು ಬರುವಷ್ಟರಲ್ಲಿ ಮಗನ ಅಂಗಿ ಬೆವರಿನಿಂದ ತೊಯ್ದಿತ್ತು.

ತಾಯಿ ಬಿಟ್ಟಲ್ಲಿಯೇ ನಿಂತಿದ್ದರು, ಒಂದು ಹೆಜ್ಜೆಯೂ ಅತ್ತಿತ್ತ ಇಲ್ಲ. ಅಪರಿಚಿತ ಮುದುಕಿಯೊಬ್ಬಳು ಅವರ ಚೀಲ ಹಿಡಿದು ಜೊತೆಗೆ ನಿಂತಿದ್ದಳು.

“ಮೇಲುಕೋಟೆಯ ವೈರಮುಡಿ ಜಾತ್ರೆಯಲ್ಲಿ ನಿನಗೆ ಏನು ಹೇಳಿಕೊಟ್ಟಿದ್ದೆ? ತಪ್ಪಿಸಿಕೊಂಡರೆ ನಿಂತಲ್ಲೇ ನಿಲ್ಲು, ನಾವೇ ಹುಡುಕಿಕೊಂಡು ಬರ್ತೀವಿ ಅಂತ. ಬಂದೆಯಲ್ಲ, ಬಿಡು. ಅಳಬೇಡ.”

ಮಗ ಅಳುತ್ತಿದ್ದುದು ತಂದೆಗೆ ಆಗಲೇ ಕಂಡದ್ದು.

ಲಂಡನ್ನಿಗೆ ಹಿಂದಿರುಗಿದ ಮೇಲೆ ಪಟ್ಟಿಯನ್ನು ಯಾರೂ ತೆಗೆಯಲಿಲ್ಲ. ಕೊನೆಯ ಸಂಜೆ ಮೂವರೂ ಥೇಮ್ಸ್ ನದಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಹೋದರು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ ಬಸವೇಶ್ವರರ ಪ್ರತಿಮೆ ಅಲ್ಲಿದೆ, ಹೊಳೆಯಾಚೆ ಪಾರ್ಲಿಮೆಂಟು. ಪ್ರತಿಮೆಯ ಬಳಿ ಕುಳಿತು ಪುಳಿಯೋಗರೆಯ ಪೊಟ್ಟಣ ಬಿಚ್ಚಿದಾಗ ಮಗ ಪತ್ರದ ಸಂಗತಿ ಹೇಳಿದ.

“ಎಷ್ಟು ವರ್ಷ?” ಎಂದರು ತಂದೆ.

“ಮೂರು, ಅಪ್ಪ. ಆಮೇಲೆ ನೋಡಬೇಕು.”

ತಾಯಿ, ಹೊಸ ಮನೆಯಲ್ಲಾದರೂ ಅಡಿಗೆಮನೆ ಪ್ರತ್ಯೇಕವಾಗಿದೆಯೇ ಎಂದು ವಿಚಾರಿಸಿದರು. ಮೇಷ್ಟರು ಮಾತ್ರ ನದಿಯನ್ನೇ ನೋಡುತ್ತಿದ್ದರು. ತೇಲಿ ಹೋಗುತ್ತಿದ್ದ ಮರದ ತುಂಡೊಂದನ್ನು ತೋರಿಸಿ, “ಇದೇನೋ ಇದು, ಬೆಳಿಗ್ಗೆ ಆ ಕಡೆಗೆ ಹರಿಯುತ್ತಿದ್ದ ನೀರು ಈಗ ಈ ಕಡೆಗೆ ಹರಿಯುತ್ತಿದೆ!” ಎಂದರು. ಸಮುದ್ರದ ಉಬ್ಬರ ಊರೊಳಗೂ ನುಗ್ಗಿ, ದಿನಕ್ಕೆ ಎರಡು ಬಾರಿ ಹೊಳೆಯನ್ನು ಹಿಂದಕ್ಕೆ ತಿರುಗಿಸುತ್ತದೆಂದು ಮಗ ವಿವರಿಸಿದ. ಕಾವೇರಿಯ ದಂಡೆಯಲ್ಲಿ ಎಪ್ಪತ್ತು ವರ್ಷ ಬಾಳಿದ ಮೇಷ್ಟರು ಅದನ್ನು ಇನ್ನೊಮ್ಮೆ ಹೇಳಿಸಿಕೊಂಡರು.