ಅಮ್ಮ ಹೊಲಿದಿಟ್ಟ ಧಾರಾವಾಹಿ

ಪ್ರೀತಿ ಪ್ರೇಮದ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿದವರಲ್ಲ. ಆ ಮಾತೆಲ್ಲ ನಡೆಯುತ್ತಿದ್ದುದು ಕಾದಂಬರಿಗಳ ನೆಪದಲ್ಲಿ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತಂದ ಪುಸ್ತಕ ಮಧ್ಯಾಹ್ನ ಅತ್ತೆಯ ಕೈಯಲ್ಲಿ, ರಾತ್ರಿ ಪಾತ್ರೆ ತೊಳೆದಾದ ಮೇಲೆ ಅಮ್ಮನ ಕೈಯಲ್ಲಿ. ಎಂ. ಕೆ. ಇಂದಿರಾ, ಸಾಯಿಸುತೆ, ಉಷಾ ನವರತ್ನರಾಂ ಎಲ್ಲರೂ ನೆಂಟರಷ್ಟೇ ಬಳಕೆ. ಎಲ್ಲರಿಗಿಂತ ಒಂದು ಕೈ ಮೇಲೆ ತ್ರಿವೇಣಿ.

ಅವರ ‘ಬೆಳ್ಳಿಮೋಡ’ ಕಾದಂಬರಿಯ ಇಂದಿರೆಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಇನ್ನು ಅವಳ ಪಾಲಿಗಿಲ್ಲ ಎಂದದ್ದೇ ಮೋಹನ ಮದುವೆಯಿಂದ ಹಿಂದೆ ಸರಿಯುತ್ತಾನೆ. ಮುಂದೆ ಅವನು ಪೆಟ್ಟಾಗಿ ಮಲಗಿದಾಗ ಆರೈಕೆ ಮಾಡುವವಳೂ ಅವಳೇ. ಆದರೆ ಮನಸ್ಸು ತಿರುಗಿ ಅವನು ಮದುವೆಗೆ ಕೇಳಿದಾಗ ಒಲ್ಲೆ ಎನ್ನುತ್ತಾಳೆ. ಒಪ್ಪಬೇಕಿತ್ತು ಎಂದು ಅತ್ತೆಯ ವಾದ. ‘ಅವಳು ಮಾಡಿದ್ದೇ ಸರಿ’ ಎಂದು ಅಮ್ಮ. ಬದುಕಿನಲ್ಲಿ ಯಾರಿಗೂ ಎದುರಾಡದ ಅಮ್ಮ ಈ ಒಂದು ವಿಷಯದಲ್ಲಿ ಜಗ್ಗುತ್ತಿರಲಿಲ್ಲ. 1967ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರ ಮಾಡಿದರು, ಕಲ್ಪನಾ ಇಂದಿರೆಯಾದರು. ನೋಡಲು ತ್ರಿವೇಣಿ ಇರಲಿಲ್ಲ. 1963ರಲ್ಲಿ, 35 ತುಂಬುವ ಮೊದಲೇ ಹೋಗಿಬಿಟ್ಟಿದ್ದರು. ಅಮ್ಮ ಅದನ್ನು ಮನೆಯವರ ಸಾವಿನಂತೆ ನೆನೆಯುತ್ತಿದ್ದಳು.

‘ಸುಧಾ’ ವಾರಪತ್ರಿಕೆಯ ಧಾರಾವಾಹಿಯ ಹಾಳೆಗಳನ್ನು ಅವಳು ವಾರವಾರ ಬಿಡಿಸಿಟ್ಟು, ಕಥೆ ಮುಗಿದ ಮೇಲೆ ಗೋಣಿದಾರದಲ್ಲಿ ಹೊಲಿದು, ಮೈದಾ ಗಂಜಿ ಬಳಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕುತ್ತಿದ್ದಳು. ಅಂಥದೊಂದು ಕಟ್ಟು ನನ್ನಲ್ಲಿದೆ. ನಾಯಕಿ ಕಾಗದ ಬರೆಯುವ ಪುಟದ ಬೆನ್ನಿಗೆ ಅರ್ಧ ತುಂಬಿದ ಪದಬಂಧ, ಅಮ್ಮನ ಗುಂಡು ಅಕ್ಷರ. ನಡುವೆ ಒಂದು ಕಂತು ಇಲ್ಲ. ಅಜ್ಜಿ ತೀರಿಕೊಂಡ ವಾರ ಪತ್ರಿಕೆ ತಂದಿರಲಿಲ್ಲ. ಪಕ್ಕದ ಮನೆಯವರಿಂದ ಕೇಳಿ ತಿಳಿದ ಆ ಕಂತನ್ನು ಅಮ್ಮ ಬಾಯಲ್ಲೇ ಹೇಳಿ ಮುಂದಿನ ಹಾಳೆ ತಿರುವುತ್ತಿದ್ದಳು. ಸ್ವಲ್ಪ ತನ್ನದನ್ನೂ ಸೇರಿಸುತ್ತಿದ್ದಳೆಂದು ಈಗ ಅನ್ನಿಸುತ್ತದೆ. ಕೇಳೋಣವೆಂದರೆ ಅವಳಿಲ್ಲ. ಪುಸ್ತಕ ತರುತ್ತಿದ್ದ ಲೈಬ್ರರಿ ಮುಚ್ಚಿ ಎಷ್ಟೋ ಕಾಲವಾಯಿತು.

ಈ ಕಥೆಗಳನ್ನು ಅಡುಗೆಮನೆ ಸಾಹಿತ್ಯವೆಂದು ಮೂಗು ಮುರಿದವರುಂಟು. ಅದು ಅನ್ಯಾಯದ ಮಾತು. ಒಲಿಯುವುದಕ್ಕೂ ಒಲ್ಲೆನೆನ್ನುವುದಕ್ಕೂ ನಮ್ಮ ಹೆಂಗಸರಿಗೆ ದನಿ ಕೊಟ್ಟ ಪುಸ್ತಕಗಳಿವು.

ನಿಮ್ಮ ಅಟ್ಟದ ಮೇಲೆ ಇಂಥ ಕಟ್ಟು ಇದ್ದರೆ ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಬೇಡಿ. ಅದನ್ನು ಓದಿದ ಹಿರಿಯರು ಮನೆಯಲ್ಲಿದ್ದರೆ ಇವತ್ತೇ ಪಕ್ಕದಲ್ಲಿ ಕೂತು, ಆ ಹುಡುಗಿ ಮಾಡಿದ್ದು ಸರಿಯೇ ಎಂದು ಕೇಳಿ.