ಗಡ್ಡವಿಲ್ಲದ ಐರಿಸ್‌ಗೆ ಕಾಮಾಕ್ಷಿಪಾಳ್ಯದ ತಾರಸಿ ಒಗ್ಗುತ್ತಾ?

ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯದ ಒಳಗೆ ತಿರುಗಿದರೆ ಮೊದಲು ಕಿವಿಗೆ ಬೀಳೋದು ಲೇತ್ ಮಷೀನಿನ ಸದ್ದು. ಒಂದು ಶೆಡ್ಡಿನಲ್ಲಿ ಪೌಡರ್ ಕೋಟಿಂಗ್, ಪಕ್ಕದಲ್ಲಿ ವೆಲ್ಡಿಂಗ್, ಅದಕ್ಕೆ ಅಂಟಿಕೊಂಡಂತೆ ಮೂರು ಮಹಡಿಯ ಬಾಡಿಗೆ ಮನೆಗಳು. ಇಪ್ಪತ್ತು ಮೂವತ್ತರ ಸೈಟಿನಲ್ಲಿ ಗೇಟು ತೆಗೆದರೆ ಮೆಟ್ಟಿಲು, ಅಷ್ಟೇ. ಹಾಗಾಗಿ ಇಲ್ಲಿ ತೋಟ ಅಂದರೆ ತಾರಸಿ. ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ, ಇವೆರಡರ ನಡುವೆ ಉಳಿದ ಜಾಗದಲ್ಲಿ ತುಳಸಿ, ದೊಡ್ಡಪತ್ರೆ, ದಾಸವಾಳ, ಪೇಂಟ್ ಡಬ್ಬಿಯಲ್ಲಿ ಒಂದು ಕರಿಬೇವು.

ಹೋದ ವರ್ಷ ಈ ತಾರಸಿಗೆ ಒಂದು ಹೊಸ ಬೇಡಿಕೆ ಬಂತು. ಅಮ್ಮ ಆರು ತಿಂಗಳು ಸಿಯಾಟಲ್‌ನಲ್ಲಿ ಅಕ್ಕನ ಮನೆಯಲ್ಲಿದ್ದು ವಾಪಸ್ ಬಂದಿದ್ದರು. ಮೊಮ್ಮಗಳ ಫೋಟೊಗಳಿಗಿಂತ ಹೆಚ್ಚಾಗಿ ಫೋನಿನಲ್ಲಿದ್ದದ್ದು ಹಿತ್ತಲಿನ ಒಂದು ನೀಲಿ ಹೂವಿನ ಫೋಟೊಗಳು. "ಇದೊಂದು ನಮ್ಮ ಮನೇಲಿ ಬೆಳೆದರೆ ಸಾಕು ಕಣೋ" ಅಂದರು. ಅದೇ ಹೊತ್ತಿಗೆ ಅಕ್ಕ ಅಮೆರಿಕದ ಪೌರತ್ವ ತಗೊಂಡಿದ್ದಳು. ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿ ಅಲ್ಲೇ ಇರಿಸಿಕೊಳ್ಳೋಣ ಅನ್ನೋದು ಅವಳ ವಾದ. ನಾನು ಬೇಡ ಅನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ. ಆ ಮಾತು ಮುಂದೆ ಹೋಗದ ದಿನಗಳಲ್ಲಿ ಹೂವಿನ ಬಗ್ಗೆ ಓದೋಕೆ ಶುರು ಮಾಡಿದೆ.

ಆ ಹೂವು ಸೈಬೀರಿಯನ್ ಐರಿಸ್. ಐರಿಸ್ ಅಂದರೆ ಗ್ರೀಕರ ಕಾಮನಬಿಲ್ಲಿನ ದೇವತೆಯ ಹೆಸರು. ಮೂರು ದಳ ಮೇಲಕ್ಕೆ ನಿಂತಿರುತ್ತವೆ, ಮೂರು ಕೆಳಕ್ಕೆ ಬಾಗಿರುತ್ತವೆ. ಕೆಲವು ಜಾತಿಗಳಲ್ಲಿ ಬಾಗಿದ ದಳದ ಮೇಲೆ ಕುಚ್ಚಿನಂಥ ರೋಮದ ಸಾಲು ಇರುತ್ತೆ. ಅದೇ 'ಗಡ್ಡ'. ಸೈಬೀರಿಯನ್, ಜಪಾನೀ, ಲೂಸಿಯಾನ, ಸ್ಪೂರಿಯ ಇವೆಲ್ಲ ಗಡ್ಡವಿಲ್ಲದ ಗುಂಪು. ನಾನು ಇದನ್ನು ವಿವರಿಸಿದಾಗ ಅಮ್ಮ, "ಗಡ್ಡ ಇಲ್ಲದಿದ್ದರೆ ಬಿಡು, ಗೆಡ್ಡೆ ಇದೆಯಲ್ಲ" ಅಂದರು. ನಿಜ, ಶುಂಠಿಯ ಹಾಗೆ ನೆಲದೊಳಗೆ ಅಡ್ಡಡ್ಡ ಹಬ್ಬುವ ಗೆಡ್ಡೆ ಅದಕ್ಕಿದೆ. ಅಂದ ಹಾಗೆ ನಮ್ಮ ಹೂಗುಚ್ಛದ ಗ್ಲಾಡಿಯೋಲಸ್, ಬಿಸಿಬೇಳೆ ಬಾತಿಗಲ್ಲದಿದ್ದರೂ ಪಾಯಸಕ್ಕೆ ಹಾಕುವ ಕೇಸರಿ, ಎರಡೂ ಇದರ ದಾಯಾದಿಗಳೇ.

ಆ ಗೆಡ್ಡೆಯನ್ನು ಸೂಟ್‌ಕೇಸಿನಲ್ಲಿ ತರೋಣ ಅನ್ನಬೇಡಿ. ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ನೆಡುವ ಗೆಡ್ಡೆಯನ್ನು ಭಾರತದೊಳಗೆ ತರುವಂತಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶ ಅದಕ್ಕೇ ಇರೋದು. ತಂದಿದ್ದರೂ ಪ್ರಯೋಜನ ಇರುತ್ತಿರಲಿಲ್ಲ. ಸೈಬೀರಿಯನ್ ಐರಿಸ್‌ಗೆ ಹೂ ಬಿಡಬೇಕಾದರೆ ಚಳಿಗಾಲದ ನಿದ್ದೆ ಬೇಕು. ಎಲೆಯೆಲ್ಲ ಒಣಗಿ, ಗೆಡ್ಡೆ ವಾರಗಟ್ಟಲೆ ತಣ್ಣನೆ ಮಣ್ಣಿನಲ್ಲಿ ಮಲಗಿ ಎದ್ದರೆ ಮಾತ್ರ ಮೊಗ್ಗು. ಕಾಶ್ಮೀರದ ಸೇಬು ಇಲ್ಲಿ ಬೆಳೆಯದಿರುವುದಕ್ಕೂ ಇಂಥದ್ದೇ ಕಾರಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದರೂ ಜನವರಿ ರಾತ್ರಿ ಸಾಮಾನ್ಯವಾಗಿ 15, 16 ಡಿಗ್ರಿ. ಊರಿನ ಇತಿಹಾಸದಲ್ಲೇ ಅತಿ ಕಡಿಮೆ ದಾಖಲಾದದ್ದು 1884ರ ಜನವರಿ 13ರಂದು, ಅದೂ 7.8 ಡಿಗ್ರಿ. ನಮಗೆ ಸ್ವೆಟರ್ ಬೇಕು ಅನಿಸುವ ಚಳಿ ಆ ಗೆಡ್ಡೆಗೆ ಲೆಕ್ಕಕ್ಕೇ ಇಲ್ಲ.

ಊಟಿಗೆ ಹೋದಾಗ ಈ ವ್ಯತ್ಯಾಸ ಮೈಗೇ ಗೊತ್ತಾಯ್ತು. 2240 ಮೀಟರ್ ಎತ್ತರ. ಫರ್ನ್‌ಹಿಲ್‌ನಲ್ಲಿ ನಮ್ಮ ಕರ್ನಾಟಕದ ತೋಟಗಾರಿಕೆ ಇಲಾಖೆಯದ್ದೇ ಒಂದು ಉದ್ಯಾನ ಇದೆ, ಕನ್ನಡದ ಬೋರ್ಡ್ ನೋಡಿ ಖುಷಿಯಾಗುತ್ತೆ. ಡಿಸೆಂಬರ್, ಜನವರಿಯ ಕೆಲವು ಬೆಳಗ್ಗೆ ಅಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿರುತ್ತೆ. ಚಳಿ ಕೇಳುವ ಹೂಗಳನ್ನು ದಕ್ಷಿಣದಲ್ಲಿ ಬೆಳೆಸಲೇಬೇಕು ಅಂದರೆ ಇಂಥ ಕಡೆ ಪ್ರಯತ್ನಿಸಬೇಕು. ಇನ್ನೊಂದು ತುದಿಗೆ ಮಂಗಳೂರಿನ ಚಿಕ್ಕಮ್ಮನ ಮನೆ. ವರ್ಷಕ್ಕೆ 3500 ಮಿಲಿಮೀಟರ್‌ಗೂ ಹೆಚ್ಚು ಮಳೆ, ರಾತ್ರಿಯೂ ಸೆಕೆ. ಅಲ್ಲಿ ಚಳಿಯ ಮಾತು ಬಿಡಿ, ನೀರು ನಿಂತು ಗೆಡ್ಡೆ ಕೊಳೆಯದಂತೆ ನೋಡಿಕೊಳ್ಳೋದೇ ದೊಡ್ಡ ಕೆಲಸ.

ಹಾಗಾದರೆ ನಮ್ಮ ನಡುವಿನ ಬೆಂಗಳೂರಿಗೆ ಯಾವುದು? ಒಂದು ಭಾನುವಾರ ಅಮ್ಮನನ್ನು ಕರಕೊಂಡು ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಲಾಲ್‌ಬಾಗ್‌ಗೆ ಹೋದೆ. 1760ರಲ್ಲಿ ಹೈದರ್ ಅಲಿ ಶುರು ಮಾಡಿದ ಈ ತೋಟಕ್ಕೆ ಹೊರದೇಶದ ಗಿಡಗಳು ಬರುತ್ತಲೇ ಇದ್ದವು. 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಇಲ್ಲೇ ನೆಲೆಸಿ, 1956ರಲ್ಲಿ ಈ ಊರಲ್ಲೇ ತೀರಿಕೊಂಡರು. ಇವತ್ತು ನಾವು 'ನಮ್ಮದು' ಅಂದುಕೊಂಡಿರುವ ಎಷ್ಟೋ ಮರ, ಹೂವು ಹೀಗೆ ಬಂದು ಒಗ್ಗಿದವೇ.

ಸುತ್ತಾಡಿ ವಿಚಾರಿಸಿ ನಾವು ಮಾಡಿಕೊಂಡ ಪಟ್ಟಿ ಇದು:

ಒಂದು, ವಾಕಿಂಗ್ ಐರಿಸ್. ಬ್ರೆಜಿಲ್ ಕಡೆಯದು, ನಿಜವಾದ ಐರಿಸ್ ಅಲ್ಲ, ಅದೇ ಕುಟುಂಬ. ಹೂವು ಒಂದೇ ದಿನ. ಹೂವಿನ ತುದಿಯಲ್ಲಿ ಮರಿ ಹುಟ್ಟಿ, ಭಾರಕ್ಕೆ ಬಾಗಿ, ನೆಲ ಮುಟ್ಟಿ ಬೇರು ಬಿಡುತ್ತೆ. ಹೀಗೆ ಹೆಜ್ಜೆ ಹಾಕುತ್ತೆ ಅಂತಲೇ ಆ ಹೆಸರು. ಅರೆನೆರಳು ಸಾಕು, ಹಾಗಾಗಿ ಬಾಲ್ಕನಿಯವರಿಗೆ ಇದೇ ಸರಿ.

ಎರಡು, ಡಯಟೀಸ್. ಆಫ್ರಿಕಾ ಮೂಲದ್ದು. ನಮ್ಮ ಆಫೀಸ್ ಕ್ಯಾಂಪಸ್‌ನ ದಾರಿ ಬದಿಯಲ್ಲಿ ಹುಲ್ಲಿನ ಪೊದೆಯಂತೆ ನಿಂತಿರುವುದು ಇದೇ. ಬಿಸಿಲು, ನೀರಿನ ಅಭಾವ ಎರಡನ್ನೂ ತಡಕೊಳ್ಳುತ್ತೆ.

ಮೂರು, ಲೂಸಿಯಾನ ಐರಿಸ್. ಇದು ಅಸಲಿ ಐರಿಸ್, ಮಿಸಿಸಿಪ್ಪಿ ಬಯಲಿನ ಜೌಗುನೆಲದ್ದು. ಚಳಿ ಅಷ್ಟಾಗಿ ಬೇಡ, ಆಸ್ಟ್ರೇಲಿಯಾದ ಬೆಚ್ಚನೆ ಊರುಗಳಲ್ಲೂ ಬೆಳೆಸುತ್ತಾರೆ. ಕುಂಡವನ್ನು ನೀರಿನ ಟಬ್ಬಿನಲ್ಲಿ ಕೂರಿಸಬಹುದು, ಆದರೆ ಸೊಳ್ಳೆ ಆಗದಂತೆ ಗಪ್ಪಿ ಮೀನು ಬಿಡಿ. ಸುಣ್ಣದಂಶದ ಬೋರ್‌ವೆಲ್ ನೀರು ಇದಕ್ಕೆ ಆಗಿಬರಲ್ಲ, ಮಳೆನೀರು ಹಿಡಿದಿಟ್ಟರೆ ಒಳ್ಳೆಯದು. ನಮ್ಮ ಕೈಗೆ ಇದು ಇನ್ನೂ ಸಿಕ್ಕಿಲ್ಲ.

ನಾಲ್ಕನೆಯದು ನಮ್ಮ ತಾರಸಿಗೆ ಬಂತು. ನರ್ಸರಿಯವರು ಬ್ಲ್ಯಾಕ್‌ಬೆರಿ ಲಿಲಿ ಅನ್ನುತ್ತಾರೆ. ಕಿತ್ತಳೆ ದಳ, ಮೇಲೆ ಕೆಂಪು ಚುಕ್ಕಿ. ಹಿಮಾಲಯದಿಂದ ಜಪಾನಿನವರೆಗೆ ಇದರ ತವರು. ಬಹಳ ಕಾಲ ಇದನ್ನು ಬೇರೆ ಕುಲ ಅಂತ ಎಣಿಸಿದ್ದರು. ಡಿಎನ್ಎ ನೋಡಿದ ಮೇಲೆ 2005ರಲ್ಲಿ ಐರಿಸ್ ಕುಲಕ್ಕೇ ಸೇರಿಸಿ 'ಐರಿಸ್ ಡೊಮೆಸ್ಟಿಕಾ' ಅಂತ ಹೆಸರಿಟ್ಟರು. ಅಂದರೆ ಇದೂ ಗಡ್ಡವಿಲ್ಲದ, ಅಸಲಿ ಐರಿಸ್. ಹತ್ತು ಇಂಚಿನ ಕುಂಡ, ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಮರಳು. ಗೆಡ್ಡೆಯನ್ನು ಆಳಕ್ಕೆ ಹೂಳದೆ ಮೇಲ್ಮೈಗೆ ಹತ್ತಿರ ಇಟ್ಟು, ಮಣ್ಣು ಒಣಗಿದಾಗಷ್ಟೇ ನೀರು. ಮಳೆಗಾಲದಲ್ಲಿ ಹೂವು ಬಂತು. ಬೆಳಗ್ಗೆ ಅರಳಿದ್ದು ಸಂಜೆಗೆ ಬಟ್ಟೆ ಹಿಂಡಿದ ಹಾಗೆ ಸುರುಳಿ ಸುತ್ತಿಕೊಂಡಿತು, ಮರುದಿನ ಪಕ್ಕದ ಮೊಗ್ಗಿನ ಸರದಿ.

"ನೀಲಿ ಅಲ್ಲ" ಅಂದರು ಅಮ್ಮ ಮೊದಲ ದಿನ. ಮೂರನೇ ದಿನ ಫೋಟೊ ತೆಗೆದು ಅಕ್ಕನಿಗೆ ಕಳಿಸಿದರು. ಆಗ ನಾನು ಓದಿದ್ದ ಇನ್ನೊಂದು ಸಂಗತಿ ಹೇಳಿದೆ: ಈ ಗಿಡ ಚಳಿಯನ್ನೂ ತಡೆಯುತ್ತೆ. ಸಿಯಾಟಲ್‌ನಲ್ಲಿ ಚಳಿಗಾಲಕ್ಕೆ ಎಲೆ ಒಣಗಿಸಿಕೊಂಡು ಮಲಗಿ, ಬೇಸಿಗೆ ಕೊನೆಗೆ ಹೂ ಬಿಡುತ್ತೆ. ಅಕ್ಕ ಅಲ್ಲಿನ ಅಂಗಡಿಯಿಂದಲೇ ಬೀಜ ತಂದು ಬಿತ್ತಿದ್ದಾಳೆ. ಬೀಜದಿಂದ ಬೆಳೆದದ್ದು ಸಾಮಾನ್ಯವಾಗಿ ಎರಡನೇ ವರ್ಷಕ್ಕೆ ಹೂವು.

ಗ್ರೀನ್ ಕಾರ್ಡ್ ವಿಷಯಕ್ಕೆ ಅಮ್ಮ ಕೊನೆಗೂ ಉತ್ತರ ಕೊಟ್ಟರು, ನಮ್ಮಿಬ್ಬರನ್ನೂ ವಿಡಿಯೊ ಕಾಲ್‌ನಲ್ಲಿ ಕೂರಿಸಿಕೊಂಡು. "ಅರ್ಜಿ ಈಗ ಬೇಡ. ಮೇ ತಿಂಗಳಲ್ಲಿ ಬರ್ತೀನಿ, ನೀಲಿ ಹೂವು ನೋಡ್ತೀನಿ, ಮಗು ಜೊತೆ ಇರ್ತೀನಿ. ಮಳೆ ಶುರುವಾಗೋ ಹೊತ್ತಿಗೆ ವಾಪಸ್ ಟಿಕೆಟ್ ಮಾಡಿ, ಇಲ್ಲಿ ಕುಂಡ ನೋಡೋರು ಯಾರು?" ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಬೀಜಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು ಅಂತ ಕೇಳಿದಳು.